ಏಳನೇ ನಂಬರಿನ ಚೀಟಿ

ಸೋನಾಬಾಯಿಗೆ ಜಂಬ ಇತ್ತು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಲು ಬರುವುದಿಲ್ಲ. ಹದಿನೆಂಟು ವರ್ಷದಿಂದ ಬಸಗೊಂಡಪ್ಪ ಸಾವುಕಾರರ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುತ್ತಿದ್ದ ಆಕೆಗೆ ತನ್ನ ಕಣ್ಣಿನ ಬಗ್ಗೆ ಜಂಬ, ಬೆರಳಿನ ಬಗ್ಗೆ ಜಂಬ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಏಳನೇ ನಂಬರಿನ ಬಗ್ಗೆ ಜಂಬ. ಇರಬೇಕಾದ್ದೇ. ಹಸಿರು ಕಾಳಿನ ರಾಶಿಯಲ್ಲಿ ಒಂದೇ ಒಂದು ಕಂದು ಕಾಳು ಅಡಗಿ ಕೂತಿದ್ದರೂ, ಬಾಯಿ ಯಾರದೋ ಮದುವೆಯ ಸುದ್ದಿ ಮಾತಾಡುತ್ತಿರುವಾಗಲೇ ಕೈ ಹೋಗಿ ಅದನ್ನು ಹಿಡಿದು ತರುತ್ತಿತ್ತು.

ಶೆಡ್ಡು ಇರುವುದು ತಿಕೋಟಾ ದಾಟಿ ಹೊನವಾಡಕ್ಕೆ ಹೋಗುವ ದಾರಿಯಲ್ಲಿ. ಹನ್ನೆರಡು ಹೆಂಗಸರು ಎರಡು ಸಾಲಾಗಿ ಎದುರುಬದುರು ಕೂರುತ್ತಾರೆ. ಯಂತ್ರದ ಜರಡಿ ಸಣ್ಣದು ದೊಡ್ಡದು ಬೇರೆ ಮಾಡುತ್ತದೆ, ಅಷ್ಟೇ. ಬಣ್ಣ ನೋಡುವುದು, ತೊಟ್ಟು ಮುರಿಯುವುದು, ಕಲ್ಲು ಕಡ್ಡಿ ತೆಗೆಯುವುದು ಹೆಂಗಸರ ಕೆಲಸ. ಒಬ್ಬೊಬ್ಬರಿಗೆ ಒಂದೊಂದು ನಂಬರು. ಪೆಟ್ಟಿಗೆ ತುಂಬಿದ ಮೇಲೆ ಆರಿಸಿದವಳು ತನ್ನ ನಂಬರು, ಆ ದಿನದ ತಾರೀಖು ಇರುವ ಚೀಟಿಯನ್ನು ಒಳಗೆ ಹಾಕಬೇಕು. ಸಾವುಕಾರರು ಚೀಟಿ ಹಾಕಿಸುತ್ತಿದ್ದುದು ಯಾರನ್ನೂ ಹೊಗಳಲಿಕ್ಕಲ್ಲ. ತಪ್ಪು ಸಿಕ್ಕರೆ ಯಾರನ್ನು ಬಯ್ಯಬೇಕೆಂದು ಗೊತ್ತಾಗಲಿ ಅಂತ. ಆದರೆ ಸೋನಾಬಾಯಿ ಮಾತ್ರ ಏಳನೇ ಚೀಟಿಯನ್ನು ಎಡಗೈಯಿಂದ ಸವರಿ, ನೆಟ್ಟಗೆ ಮಾಡಿ, ಅಂಕಿ ಮೇಲೆ ಕಾಣುವ ಹಾಗೆ ಇಟ್ಟು ಮುಚ್ಚಳ ಹಾಕುತ್ತಿದ್ದಳು.

ಆ ಶೆಡ್ಡಿನಲ್ಲಿ ಸಾವುಕಾರರಿಗೆ ಗೊತ್ತಿಲ್ಲದ ಒಂದು ಪದ್ಧತಿಯೂ ಇತ್ತು. ಸಾವುಕಾರರ ಕಟ್ಟಳೆಯ ಪ್ರಕಾರ ತಿಂಗಳಿಗೆ ಎರಡು ದಿನ ತಪ್ಪಿಸಿದವಳ ಜಾಗ ಹೋಯಿತೆಂದೇ ಲೆಕ್ಕ. ಮಗುವಿಗೆ ಜ್ವರ ಬಂದರೂ ಅಷ್ಟೇ, ತವರಿನಲ್ಲಿ ಯಾರಾದರೂ ತೀರಿಕೊಂಡರೂ ಅಷ್ಟೇ. ಸಾವುಕಾರರು ಹಗಲೆಲ್ಲ ವಿಜಯಪುರದ ಪೇಟೆಯಲ್ಲಿದ್ದು, ಸಂಜೆ ಬಂದು ಯಾವ ನಂಬರಿನ ಪೆಟ್ಟಿಗೆ ಎಷ್ಟು ಎಂದು ನೋಡಿಯೇ ಹಾಜರಿ ಹಿಡಿಯುತ್ತಿದ್ದರು. ಹೀಗಾಗಿ ಒಬ್ಬಳು ಬಾರದಿದ್ದರೆ ಪಕ್ಕದವಳು ದುಪ್ಪಟ್ಟು ದುಡಿದು, ತಾನು ತುಂಬಿದ ಪೆಟ್ಟಿಗೆಗಳಲ್ಲಿ ಅವಳ ಚೀಟಿ ಹಾಕುತ್ತಿದ್ದಳು. ಇವಳಿಗೆ ಅಡಚಣೆ ಬಂದ ದಿನ ಅವಳು ಅದನ್ನೇ ತೀರಿಸುತ್ತಿದ್ದಳು. ಹೊಲದಲ್ಲಿ ಒಬ್ಬರಿಗೊಬ್ಬರು ಮುಯ್ಯಾಳು ಹೋದ ಹಾಗೆ. ಸೋನಾಬಾಯಿಯ ಪಕ್ಕದಲ್ಲಿ ಎಂಟನೇ ನಂಬರಿನ ರೇಣುಕವ್ವ. ಅರವತ್ತು ದಾಟಿದ ಮುದುಕಿ. ಸೋನಾಬಾಯಿಗೆ ಆರಿಸುವುದನ್ನು ಕಲಿಸಿದವಳೇ ಅವಳು.

ಶ್ರಾವಣದ ಒಂದು ಶುಕ್ರವಾರ ಸಾವುಕಾರರು ಮಧ್ಯಾಹ್ನವೇ ಶೆಡ್ಡಿಗೆ ಬಂದರು. ಮುಖ ಸುಟ್ಟ ಬದನೆಕಾಯಿ ಆಗಿತ್ತು. ನೇರ ಸೋನಾಬಾಯಿಯ ಮುಂದೆ ಬಂದು ಫೋನು ಹಿಡಿದರು.

"ನೋಡ್ ಬೇ ಸೋನಾಬಾಯಿ. ಯಾರ ಚೀಟಿ ಇದು?"

ದೂರದ ಊರಿನ ವ್ಯಾಪಾರಿಯೊಬ್ಬ ಪೆಟ್ಟಿಗೆ ಬಿಚ್ಚಿ ವಿಡಿಯೋ ಮಾಡಿ ಕಳಿಸಿದ್ದ. ಅಗಲ ತಾಟಿನಂಥ ಪರಾತದಲ್ಲಿ ಸುರಿದ ಕಾಳುಗಳ ನಡುವೆ ಏಳನೇ ಚೀಟಿ ಬಿದ್ದಿತ್ತು.

"ನಂದ್ರಿ."

"ಮತ್ತ ಇದೇನಿದು? ತೊಟ್ಟು, ಕರೀ ಕಾಳು, ಕಲ್ಲ ಸೈತ ಐತಿ! ನಾಕು ಪೆಟಗಿ, ನಾಕೂ ಹಿಂಗ. ಮಂದಿ ನನ್ನ ಮಾರಿಗೆ ಉಗಳಾಕತ್ತಾರ. ಕಣ್ಣ ಎಲ್ಲಿಟ್ಟ ಆರಿಸಿದ್ದಿ?"

ಸೋನಾಬಾಯಿ ಚೀಟಿಯ ಮೇಲಿನ ತಾರೀಖು ನೋಡಿದಳು. ಜುಲೈ ಹದಿನೆಂಟು. ಆ ದಿನ ಆಕೆ ಬಬಲೇಶ್ವರದಲ್ಲಿ ತಮ್ಮ ರಾಜರತ್ನನ ಮೊಮ್ಮಗಳ ಹೆಸರಿಡುವ ಕಾರ್ಯದಲ್ಲಿ ಹೋಳಿಗೆ ಬಡಿಸುತ್ತಿದ್ದಳು. ಪೆಟ್ಟಿಗೆ ತುಂಬಿದ್ದು ರೇಣುಕವ್ವ. ಯುಗಾದಿಯಿಂದೀಚೆಗೆ ರೇಣುಕವ್ವನ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಸೋನಾಬಾಯಿಗೂ ಹೇಳಿರಲಿಲ್ಲ, ಆದರೆ ಆಕೆಗೆ ಗೊತ್ತಾಗಿತ್ತು. ನಾಲ್ಕು ತಿಂಗಳಿಂದ ಎಲ್ಲರೂ ಚಹಾ ಕುಡಿಯಲು ಎದ್ದಾಗ ಮುದುಕಿಯ ಪರಾತವನ್ನು ತನ್ನ ಕಡೆ ಎಳೆದುಕೊಂಡು ಇನ್ನೊಮ್ಮೆ ಆರಿಸಿ ತಳ್ಳುತ್ತಿದ್ದಳು. ಜುಲೈ ಹದಿನೆಂಟಕ್ಕೆ ಹಾಗೆ ಆರಿಸುವವರು ಯಾರೂ ಇರಲಿಲ್ಲ.

"ಮಾತಾಡವಲ್ಲೆಲ್ಲ?" ಎಂದರು ಸಾವುಕಾರರು.

ಪಕ್ಕದಲ್ಲಿ ರೇಣುಕವ್ವನ ಬೆರಳು ನಿಂತಿದ್ದವು. ಬಾಯಿ ಬಿಟ್ಟರೆ ಮುದುಕಿಯ ಜಾಗ ಹೋಗುತ್ತದೆ. ಅದರ ಹಿಂದೆ ಹನ್ನೆರಡು ಜನರ ಮುಯ್ಯಿಯೂ ಹೋಗುತ್ತದೆ. ಸೋನಾಬಾಯಿ ಬಾಯಿ ಬಿಡಲಿಲ್ಲ.

"ಸೋಮವಾರದಿಂದ ನೀ ಹಿಂದ ಕಸದ ರಾಶಿಗೆ ಕುಂಡ್ರು. ಏಳನೇ ನಂಬರ ರಾಜೇಶ್ವರಿಗೆ ಕೊಡತೇನಿ," ಎಂದು ಸಾವುಕಾರರು ಹೊರಟುಹೋದರು.

ರಾಜೇಶ್ವರಿ ಹೋದ ವರ್ಷ ಬಂದ ಹೊಸಬಳು, ಅವಳಿನ್ನೂ ನಂಬರಿಲ್ಲದೆ, ಆರಿಸಿ ಬಿಸಾಡಿದ ಕಾಳು ತೊಟ್ಟುಗಳ ಕಸದ ರಾಶಿಯಲ್ಲಿಯೇ ಕೂರುತ್ತಿದ್ದಳು. ಅವಳು ನೆಲ ನೋಡಿದಳು. ಆ ಹೊತ್ತಿಗೆ ಶೆಡ್ಡಿನಲ್ಲಿ ಎಲ್ಲರೂ ನೆಲವನ್ನೇ ನೋಡುತ್ತಿದ್ದರು.

ಸೋನಾಬಾಯಿಯ ಮಗಳು ಸಂಘಮಿತ್ರಾ ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ, ಟೈರಿನ ಅಂಗಡಿಯ ಮೇಲಿನ ಎರಡು ಕೋಣೆಯ ಆಫೀಸಿನಲ್ಲಿ ವ್ಯಾಪಾರಿಗಳಿಗೆ ಅಂತರ್ಜಾಲದ ಪುಟ ಮಾಡಿಕೊಡುವ ಕೆಲಸದಲ್ಲಿದ್ದಳು. ಬಸಗೊಂಡಪ್ಪ ಸಾವುಕಾರರ ಪುಟವೇ ಅವಳು ಒಬ್ಬಳೇ ಮಾಡಿದ ಮೊದಲ ಕೆಲಸ. ಎರಡು ವರ್ಷದಿಂದ ವಹಿಗಳನ್ನು ಎದುರಿಗಿಟ್ಟುಕೊಂಡು, ಮಾರಿದ್ದೂ ಉಳಿದದ್ದೂ ಸೇರಿ ಹತ್ತೊಂಬತ್ತು ಸಾವಿರ ಪೆಟ್ಟಿಗೆಯ ವಿವರ ಏರಿಸಿದ್ದಳು: ಯಾವ ತೋಟದ್ದು, ಯಾವ ಬಣ್ಣ, ಯಾವ ಗಾತ್ರ, ಯಾವ ದಿನ, ಯಾವ ನಂಬರಿನ ಚೀಟಿ. ಕೊಂಡವರು ಏನಾದರೂ ಬರೆಯುವುದಿದ್ದರೆ ಪೆಟ್ಟಿಗೆಯ ಕೆಳಗೆ ಜಾಗವನ್ನೂ ಬಿಟ್ಟಿದ್ದಳು. ಸಾವುಕಾರರು ಅಷ್ಟು ಕೆಳಗೆ ಇಳಿದು ನೋಡಿದವರೇ ಅಲ್ಲ.

ಆ ಸಂಜೆ ಬಸ್ಸಿಳಿದು ತಿಕೋಟಾದ ಮನೆಗೆ ಬಂದವಳೇ ಅವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಅವ್ವಾ, ಸಾವುಕಾರ್ರು ಫೋನ್ ಮಾಡಿದ್ರು. ಪುಟದಾಗಿಂದ ಏಳನೇ ನಂಬರಿನ ಮಾಲೆಲ್ಲಾ ತಗದುಬಿಡು ಅಂದ್ರು. ಏನಾತು?"

ಸೋನಾಬಾಯಿ ರೊಟ್ಟಿ ಬಡಿಯುತ್ತಲೇ ಹೇಳಿದಳು. ವಿಡಿಯೋ, ನಾಲ್ಕು ಪೆಟ್ಟಿಗೆ, ಕಸದ ರಾಶಿ. ರೇಣುಕವ್ವನ ಹೆಸರು ಬರಲಿಲ್ಲ. ಮಗಳು ಕೇಳಿ ಸುಮ್ಮನೆ ಕೂರುವ ಪೈಕಿ ಅಲ್ಲ. ಲ್ಯಾಪ್‌ಟಾಪು ತೆಗೆದು, ಸಾವುಕಾರರ ಪುಟ ಬಿಚ್ಚಿ, ಮೇಲೆ ಅದರ ವಿಳಾಸ ಇರುವಲ್ಲಿ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಅದರ ಮುಂದೆ 'ಚೀಟಿ' ಎಂದು ಬರೆದು, ಎರಡು ಅಡ್ಡಗೆರೆಯ ಸಮ ಚಿಹ್ನೆ ಹಾಕಿ, 7 ಒತ್ತಿದಳು.

ಹತ್ತೊಂಬತ್ತು ಸಾವಿರ ಪೆಟ್ಟಿಗೆ ಮಾಯವಾಗಿ ಒಂದು ಸಾವಿರದ ಆರುನೂರ ಹನ್ನೆರಡು ಉಳಿದವು. ಎಲ್ಲ ಏಳನೇ ನಂಬರಿನವು.

"ಇದೇನ ಮಾಡಿದಿ?" ಸೋನಾಬಾಯಿಯ ಕೈಯಲ್ಲಿ ಹಿಟ್ಟು ಹಾಗೇ ಉಳಿಯಿತು.

"ಬಣ್ಣಕ್ಕ, ಗಾತ್ರಕ್ಕ ಒತ್ತಾಕ ಗುಂಡಿ ಇಟ್ಟೇನಿ. ಚೀಟಿಗೆ ಇಟ್ಟಿಲ್ಲ, ಸಾವುಕಾರ್ರು ಬ್ಯಾಡ ಅಂದಿದ್ರು. ಆದ್ರ ವಿಳಾಸದಾಗ ಹಿಂಗ ಬರದು ಕೇಳಿದ್ರ ಕೊಡತೈತಿ. ಪ್ರಶ್ನಿ ಚಿನ್ನೆ ಆದಮ್ಯಾಲೆ ಏನ ಕೇಳತೀವಿ, ಅಷ್ಟ ಆರಿಸಿ ತೋರಸತೈತಿ."

"ಉಳದ ಮಾಲು?"

"ಎಲ್ಲೂ ಹೋಗಿಲ್ಲ. ಅಲ್ಲೇ ಐತಿ. ಕಾಣಂಗಿಲ್ಲ ಅಷ್ಟ."

ಹದಿನೆಂಟು ವರ್ಷ ಬೆನ್ನು ಬಗ್ಗಿಸಿ ಮಾಡಿದ ಕೆಲಸವನ್ನು ಮಗಳು ಕಣ್ಣು ಮಿಟುಕಿಸುವುದರೊಳಗೆ ಮಾಡಿ ತೋರಿಸಿದ್ದಳು. ಬೇರೆ ಯಾರಾದರೂ ಮಾಡಿದ್ದರೆ ಸೋನಾಬಾಯಿಗೆ ಹೊಟ್ಟೆ ಉರಿಯುತ್ತಿತ್ತು. ಈಗ ಎದೆ ಉಬ್ಬಿತು. "ಆರಸೂ ಕೆಲಸಕ್ಕ ನೀನೂ ನಿಂತಿ ಅನ್ನು. ಮನಿತನದ ಕಸುಬ ಬಿಡಲಿಲ್ಲ," ಎಂದು ಹಿಟ್ಟಿನ ಕೈಯಿಂದಲೇ ಮಗಳ ಕೆನ್ನೆ ಮುಟ್ಟಿದಳು.

ಮಗಳಿಗೆ ಕೆನ್ನೆಯ ಹಿಟ್ಟಿನ ಪರಿವೆ ಇರಲಿಲ್ಲ. ಅವಳು ಆ ನಾಲ್ಕು ಪೆಟ್ಟಿಗೆ ಹುಡುಕುತ್ತಿದ್ದಳು. ವಿಳಾಸದ ಬಾಲಕ್ಕೆ ಇನ್ನೊಂದು ಗುರುತು ಸೇರಿಸಿ, 'ದೂರು' ಎಂದು ಬರೆದಳು. ನಾಲ್ಕೇ ನಾಲ್ಕು ಬಂದವು. ನಾಲ್ಕರ ತಾರೀಖೂ ಒಂದೇ.

"ಅವ್ವಾ! ಹದಿನೆಂಟಕ್ಕ ನಾವು ಬಬಲೇಶ್ವರದಾಗ ಇದ್ದಿವಿ. ಮಾಮಾನ ಮನ್ಯಾಗ! ನನ್ನ ಫೋನಿನಾಗ ಫೋಟೋ ಅದಾವ. ಇವು ನೀ ಆರಿಸಿದ್ದು ಅಲ್ಲ. ಯಾರು ಆರಿಸಿದ್ರು?"

ಸೋನಾಬಾಯಿ ಹಂಚಿನ ಮೇಲಿನ ರೊಟ್ಟಿ ತಿರುವಿದಳು.

"ರೇಣುಕವ್ವ ಆಯಿ ಅಲ್ಲೇನು?" ಮಗಳು ತಾನೇ ಕಂಡುಕೊಂಡಳು. "ನಾಳಿ ಮುಂಜಾನೆ ಫೋಟೋ ಕಳಸತೇನಿ ಸಾವುಕಾರ್ರಿಗೆ. ಮುಗೀತು."

"ಕಳಸಬ್ಯಾಡ."

"ಮತ್ತ ಕಸದಾಗ ಕುಂಡ್ರತೀಯೇನು ನೀನು? ಅಕಿ ಮಾಡಿದ ತಪ್ಪಿಗೆ?"

"ಅಕಿ ನನ್ನ ಜಾಗಾ ಉಳಸಾಕ ಮಾಡ್ಯಾಳ. ಆರು ಪೆಟಗಿ ತುಂಬಿ, ನಾಕು ನನ್ನ ಪಾಲಿಗೆ ಹಾಕಿ, ತನಗ ಎರಡ ಇಟ್ಟಕೊಂಡಾಳ. ಅಂಥಾಕಿ ಮ್ಯಾಲೆ ಬಟ್ಟ ತೋರಸಲೇನು ನಾನು?" ಸೋನಾಬಾಯಿಯ ದನಿ ಏರಿತು. ಆಮೇಲೆ ಇಳಿಯಿತು. "ನನಗ ಏಳು ಬೇಕು ಮಿತ್ರಾ. ಸುಳ್ಳ ಯಾಕ ಹೇಳ್ಲಿ, ಜೀವಾ ಹೋದಂಗ ಆಗೇತಿ. ಆದ್ರ ಅಕಿನ್ನ ತುಳದು ಬ್ಯಾಡ."

ಒಂದು ರೊಟ್ಟಿ ಸೀದುಹೋಯಿತು.

"ಈಗ ತಗದಿಯಲ್ಲ, ಏಳಿನ ಮಾಲಷ್ಟ. ಅದನ್ನ ಸಾವುಕಾರ್ರಿಗೆ ತೋರಸಾಕ ಬರತೈತೇನು?" ಎಂದಳು ಸೋನಾಬಾಯಿ.

"ಯಾಕ ಬರಂಗಿಲ್ಲ? ಈ ವಿಳಾಸ ಕಳಿಸಿದ್ರ ಆತು. ಒತ್ತಿದ ಕೂಡಲೇ ಏಳಷ್ಟ ಕಾಣತಾವ. ಆ ನಾಕು ದೂರಿನ ಪೆಟಗಿ ಕಾಣದಂಗ ಮಾಡಿ ಕಳಸಲೇನು?"

"ಛೀ! ಅವೂ ಇರ್ಲಿ. ಸಾವಿರದ ಆರನೂರರಾಗ ನಾಕು. ಅವರ ನೋಡಿ ಅವರ ಹೇಳ್ಲಿ."

ಶನಿವಾರ ಸಂಘಮಿತ್ರಾ ಅರ್ಧ ದಿನ ರಜೆ ಹಾಕಿ ಅವ್ವನ ಜೊತೆ ಶೆಡ್ಡಿಗೆ ಬಂದಳು. ದಾರಿಯಲ್ಲೇ ಸಾವುಕಾರರಿಗೆ ವಿಳಾಸ ಕಳಿಸಿದ್ದಳು. ಹೆಂಗಸರು ಪರಾತ ಹಿಡಿದು ಕೂತಿದ್ದರು. ರೇಣುಕವ್ವ ಸೋನಾಬಾಯಿಗೆ ಜಾಗ ಮಾಡಿಕೊಟ್ಟು, "ಸೋನಾ, ರಾತ್ರಿ ಕೂಳು ಇಳೀಲಿಲ್ಲ ನನಗ," ಎಂದು ಪಿಸುಗುಟ್ಟಿದಳು. "ನೀ ಸುಮ್ಮ ಕುಂಡ್ರ ಯಕ್ಕಾ," ಎಂದಳು ಸೋನಾಬಾಯಿ.

ಅಷ್ಟರಲ್ಲಿ, ಆ ದಿನ ಪೇಟೆಗೆ ಹೋಗದೆ ಬಾಗಿಲಲ್ಲಿನ ಮೇಜಿಗೆ ಕೂತಿದ್ದ ಸಾವುಕಾರರು ಕೂಗಿದ ಕೂಗಿಗೆ ಸೂರಿನ ಮೇಲಿನ ಪಾರಿವಾಳ ಹಾರಿದವು.

"ತಂಗೀ! ನನ್ನ ಮಾಲೆಲ್ಲಾ ಎಲ್ಲಿ ಹೋತು? ಸಾವಿರಗಟ್ಟಲೆ ಪೆಟಗಿ ಇದ್ದುವಲ್ಲ! ಮಂದಿ ಫೋನ್ ಮಾಡಿ, ಸಾವುಕಾರ್ರ, ಬರೇ ಇಷ್ಟ ಉಳದೈತೇನ್ರಿ ಅನ್ನಾಕತ್ತಾರ!"

ಆದದ್ದು ಇಷ್ಟು. ದಿನಾ ಬೆಳಿಗ್ಗೆ ಫೋನಿಗೆ ಬಂದದ್ದನ್ನೆಲ್ಲ, ಪೇಟೆಯ ದರ, ಮಳೆಯ ಸುದ್ದಿ, ದೇವರ ಚಿತ್ರ ಯಾವುದೂ ಬಿಡದೆ, ಮುನ್ನೂರು ವ್ಯಾಪಾರಿಗಳ ಗುಂಪಿಗೆ ದಾಟಿಸುವುದು ಸಾವುಕಾರರ ಚಟ. ಸಂಘಮಿತ್ರಾ ಕಳಿಸಿದ್ದರಲ್ಲಿ ತಮ್ಮ ಪುಟದ ಹೆಸರು ಕಂಡ ಕೂಡಲೇ, ಹೊಸ ಪಟ್ಟಿ ಇರಬೇಕೆಂದು ಬಿಚ್ಚಿ ಸಹ ನೋಡದೆ ದಾಟಿಸಿಬಿಟ್ಟಿದ್ದರು. ಒತ್ತಿದವರಿಗೆಲ್ಲ ಏಳನೇ ನಂಬರಿನ ಮಾಲು ಬಿಟ್ಟು ಬೇರೇನೂ ಕಂಡಿರಲಿಲ್ಲ.

ಸಂಘಮಿತ್ರಾ ನಗು ತಡೆದುಕೊಂಡು ಅವರ ಫೋನು ತೆಗೆದುಕೊಂಡಳು. "ಏನೂ ಹೋಗಿಲ್ರಿ ಕಾಕಾ. ವಿಳಾಸದಾಗ ಈ ಪ್ರಶ್ನಿ ಚಿನ್ನೆ ಐತಲ್ಲ, ಅಲ್ಲಿಂದ ಮುಂದಿಂದು ಅಳಿಸಿದ್ರ ಎಲ್ಲಾ ಮಾಲು ಬರತೈತಿ. ನೋಡ್ರಿ. ಇಟ್ಟರ ಏಳನೇ ಚೀಟಿದಷ್ಟ. ನೀವು ಕಳಿಸಿದ್ದರಾಗ ಬಾಲ ಹಂಗ ಉಳದೈತಿ."

ಸಾವುಕಾರರು ಅಳಿಸಿ ನೋಡಿದರು. ಹತ್ತೊಂಬತ್ತು ಸಾವಿರ. ಮತ್ತೆ ಹಾಕಿ ನೋಡಿದರು. ಸಾವಿರದ ಆರುನೂರು. ಉಸಿರು ಬಿಟ್ಟು, ಸಂಘಮಿತ್ರಾಳನ್ನು ಬಯ್ಯಲು ಬಾಯಿ ತೆರೆಯುವುದರೊಳಗೆ ಫೋನು ಬಂತು. ಆ ಕಡೆಯವ ಏನೋ ಹೇಳಿದ. "ಏಳನೇ ನಂಬರ? ಉಳದದ್ದು ಅಷ್ಟೂ ಬೇಕೇನ್ರಿ?" ಎಂದರು ಸಾವುಕಾರರು. ಇಟ್ಟ ಮೇಲೆ ಇನ್ನೊಂದು ಬಂತು. ಅದಾದ ಮೇಲೆ ಮತ್ತೊಂದು. ಎರಡು ವರ್ಷದಿಂದ ಕೊಂಡು ತಿಂದವರು ಪೆಟ್ಟಿಗೆಯ ಕೆಳಗೆ ಬರೆದಿಟ್ಟ ಮಾತುಗಳನ್ನು ಸಾವುಕಾರರು ಓದಿರಲಿಲ್ಲ; ಗುಂಪಿನಲ್ಲಿದ್ದವರು ಓದಿದ್ದರು. ಏಳನೇ ನಂಬರೊಂದನ್ನೇ ಬೇರೆ ಮಾಡಿ ಮುಂದಿಟ್ಟಾಗ ಹೊಗಳಿಕೆ ಸಾಲಾಗಿ ಎದ್ದು ಕಂಡಿತ್ತು.

ಸಾವುಕಾರರು ಎದ್ದು ಬಂದು ಸೋನಾಬಾಯಿಯ ಮುಂದೆ ನಿಂತರು. "ನಿನ್ನಿ ಸಿಟ್ಟಿನಾಗ ಅಂದೆ. ಸಾವಿರದ ಆರನೂರರಾಗ ನಾಕು ಕೆಟ್ಟರ ಕೆಟ್ಟುವು. ಏಳು ನಿಂದ. ಆತಿಲ್ಲ?"

ಇಲ್ಲಿಗೇ ಮುಗಿಯಬಹುದಿತ್ತು. ಸೋನಾಬಾಯಿ ಕಣ್ಣು ಒರೆಸಿಕೊಳ್ಳಲು ಸೆರಗು ಎತ್ತಿದ್ದಳು. ಆದರೆ ಸಾವುಕಾರರ ಕೈಗೆ ಹೊಸ ವಿದ್ಯೆ ಸಿಕ್ಕಿತ್ತು. ನಿಂತಲ್ಲೇ ಏಳು ಅಳಿಸಿ ಒಂದು ಒತ್ತಿದರು. "ಇದು ಚಂದ್ರಕಲಾಂದು. ಬರೋಬರಿ ಐತಿ." ಎರಡು ಒತ್ತಿದರು. "ಹಾಜಿರಾಬಿ. ಛಲೋ." ಹೀಗೆ ಒಬ್ಬೊಬ್ಬರನ್ನೇ ಕರೆದು ನೋಡುತ್ತ ಬಂದರು. ಸೋನಾಬಾಯಿ ಸೆರಗು ಹಿಡಿದುಕೊಂಡೇ ಕೂತಳು. ಮಗಳ ಮುಖ ನೋಡಿದಳು. ಮಗಳಿಗೂ ಗೊತ್ತಾಗಿತ್ತು, ಮಾಡುವುದಕ್ಕೆ ಏನೂ ಇರಲಿಲ್ಲ. ಒಮ್ಮೆ ಕಲಿಸಿದ್ದನ್ನು ಕಲಿಸಿಲ್ಲ ಅನ್ನಲು ಆಗುವುದಿಲ್ಲ.

ಸಾವುಕಾರರು ಎಂಟು ಒತ್ತಿದರು.

"ದಿನಾ ನಾಕು ಪೆಟಗಿ... ಹದಿನೆಂಟಕ್ಕ ಎರಡ? ಎರಡರಾಗೂ ತೊಟ್ಟು ಭಾಳ ಅಂತ ಬರದಾರಲ್ಲ." ಅವರು ಏಳಕ್ಕೆ ಹೋದರು, ಎಂಟಕ್ಕೆ ಬಂದರು, ಮತ್ತೆ ಏಳಕ್ಕೆ ಹೋದರು. ದ್ರಾಕ್ಷಿ ವ್ಯಾಪಾರದಲ್ಲಿ ಕೂದಲು ಹಣ್ಣು ಮಾಡಿಕೊಂಡವರು, ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಸೋನಾಬಾಯಿ, ಅವತ್ತ ನೀ ಬಂದಿದ್ದಿಲ್ಲ. ಹೌದಿಲ್ಲ?"

"ಚೀಟಿ ನಂದ್ರಿ. ತಪ್ಪೂ ನಂದ," ಎಂದಳು ಸೋನಾಬಾಯಿ.

"ನಾ ಕೇಳಿದ್ದಕ್ಕ ಉತ್ತರ ಹೇಳು."

ರೇಣುಕವ್ವ ಎದ್ದು ನಿಂತಳು. ನಿಲ್ಲುವಾಗ ಕೈ ಸೋನಾಬಾಯಿಯ ಹೆಗಲನ್ನು ಹುಡುಕಿ ಹಿಡಿಯಿತು. "ನಾ ಆರಿಸಿದ್ದರಿ ಸಾವುಕಾರ್ರ. ಎಲ್ಲಾ ಆರೂ. ಕಣ್ಣಿಗಿ ಪೊರಿ ಬಂದೈತಿ, ಕರೀದು ಹಸರು ತಿಳಿಯಂಗಿಲ್ಲ. ಇಕಿ ದಿನಾ ನನ್ನ ಪರಾತ ಆರಿಸಿ ಕೊಡತಿದ್ಲು. ಅವತ್ತ ಇಕಿ ಇದ್ದಿದ್ದಿಲ್ಲ."

ಶೆಡ್ಡಿನಲ್ಲಿ ಜರಡಿಯ ಯಂತ್ರವೊಂದೇ ಸದ್ದು ಮಾಡುತ್ತಿತ್ತು. ಸಾವುಕಾರರು ಅದನ್ನೂ ನಿಲ್ಲಿಸಿದರು.

"ಅಂದ್ರ ನೀವೆಲ್ಲಾ ಕೂಡಿ ನನ್ನ ಕಣ್ಣಿಗಿ ಮಣ್ಣ ಹಾಕತಿದ್ರಿ," ಎಂದರು. "ರೇಣುಕವ್ವಾ, ನೀ ಮನಿಗೆ ನಡಿ. ಇಲ್ಲಿ ಕಣ್ಣ ಬೇಕು. ಉಳದವರು ಕೇಳ್ರಿ, ಆರಸೂದಂದ್ರ ಹೆಂಗಿರಬೇಕು ಅಂತ. ಈ ಏಳನೇ ಚೀಟಿಗೆ ಮಂದಿ ಏನ ಬರದಾರ ಕೇಳ್ರಿ. ಓದ್ ತಂಗಿ. ಎಲ್ಲಾಕ್ಕಿಂತ ಛಲೋದು ಯಾವದೈತಿ ಅದನ್ನ ಓದು."

ಸಂಘಮಿತ್ರಾ ಹುಡುಕಿದಳು. ನಾಗಪುರದ ಒಬ್ಬರು ಹಿಂದಿಯಲ್ಲಿ ಬರೆದದ್ದು. ಅವಳು ಕನ್ನಡ ಮಾಡಿ ಓದಿದಳು: "ಈ ಪೆಟ್ಟಿಗೆ ಆರಿಸಿದವರು ಯಾರೋ ನನಗೆ ಗೊತ್ತಿಲ್ಲ. ಮಗಳ ಮದುವೆಗೆಂದು ತರಿಸಿದ್ದೆ. ಒಂದು ತೊಟ್ಟು ಇಲ್ಲ, ಬಣ್ಣದಲ್ಲಿ ಒಂದು ಕಾಳು ಬೇರೆ ಇಲ್ಲ. ನಲವತ್ತು ವರ್ಷದಿಂದ ಒಣದ್ರಾಕ್ಷಿ ಮಾರುತ್ತಿದ್ದೇನೆ, ಇಂಥ ಕೆಲಸ ನೋಡಿಲ್ಲ. ಆ ಕೈಗಳಿಗೆ ನನ್ನ ನಮಸ್ಕಾರ ಹೇಳಿ."

ಸೋನಾಬಾಯಿಯ ಮೈಯೆಲ್ಲ ಬೆಚ್ಚಗಾಯಿತು. ಹದಿನೆಂಟು ವರ್ಷದಲ್ಲಿ ಯಾರೂ ಆಕೆಯ ಕೈಗೆ ನಮಸ್ಕಾರ ಹೇಳಿರಲಿಲ್ಲ. ಉಳಿದ ಹೆಂಗಸರು, ಸಾವುಕಾರರು, ಹೆತ್ತ ಮಗಳು, ಎಲ್ಲರೂ ತನ್ನ ಕಡೆಗೇ ನೋಡುತ್ತಿದ್ದರು. ಒಂದು ಗಳಿಗೆ ಆ ಮಾತನ್ನು ಪೂರಾ ತನ್ನದಾಗಿ ಇಟ್ಟುಕೊಂಡಳು. ಆಮೇಲೆ, ಅಭ್ಯಾಸ ಬಿಡದೆ, ಕೇಳಿದಳು.

"ಮಿತ್ರಾ, ತಾರೀಖು?"

"ಹೋದ ವರ್ಷ ನವೆಂಬರ ಒಂಬತ್ತು."

ದೀಪಾವಳಿ ಆದ ಮೇಲೆ ಸೋನಾಬಾಯಿಗೆ ಚಿಕೂನ್‌ಗುನ್ಯಾ ಬಂದು, ಒಂಬತ್ತು ದಿನ ಹಾಸಿಗೆಯಿಂದ ಎದ್ದಿರಲಿಲ್ಲ. ಬೆರಳು ಮಡಚಲು ಬರುತ್ತಿರಲಿಲ್ಲ, ನೀರಿನ ಲೋಟ ಮಗಳೇ ಬಾಯಿಗೆ ಹಿಡಿಯುತ್ತಿದ್ದಳು. ಮಗಳಿಗೂ ಅದು ನೆನಪಾಯಿತು. ಅವಳು ಫೋನಿನಿಂದ ತಲೆ ಎತ್ತಿ ಅವ್ವನನ್ನು ನೋಡಿದಳು. ಅನ್ನುವುದು ಬಿಡುವುದು ಅವ್ವನಿಗೆ ಸೇರಿದ್ದು.

ಸೋನಾಬಾಯಿ ಎದ್ದಳು. ಸುಮ್ಮನಿದ್ದರೆ ಏಳು ಉಳಿಯುತ್ತಿತ್ತು, ನಮಸ್ಕಾರವೂ ಉಳಿಯುತ್ತಿತ್ತು. ಅದು ಆಕೆಗೆ ಚೆನ್ನಾಗಿಯೇ ಗೊತ್ತಿತ್ತು.

"ಸಾವುಕಾರ್ರ, ಅದು ನಾ ಆರಿಸಿದ್ದಲ್ಲರಿ. ಆಗ ನಾ ಜ್ವರದಾಗ ಬಿದ್ದಿದ್ದೆ. ಒಂಬತ್ತ ದಿನಾ ಈ ಯಕ್ಕ ನನ್ನ ಚೀಟಿ ಹಾಕ್ಯಾಳ. ಆಗ ಅಕಿ ಕಣ್ಣ ನೆಟ್ಟಗಿದ್ದುವು. ಚೀಟಿ ಏಳು ಇದ್ರೂ ಕೈ ಅಕೀದು."

"ಏಯ್, ಬಂದ ಹೆಸರ ಯಾಕ ಕಳಕೊಳ್ತಿ?"

"ನಾಕು ಕೆಟ್ಟ ಪೆಟಗಿ ಅಕೀದಂತ ಮನಿಗೆ ಕಳಸಾಕತ್ತೀರಿ. ಮತ್ತ ಛಲೋದು ಅಕೀದಾದ್ರ ನನಗ ಯಾಕ ಕೊಡತೀರಿ? ನನ್ನವು ಸಾವಿರದ ಮ್ಯಾಲೆ ಅದಾವ್ರಿ. ನನಗ ಅವು ಸಾಕು." ಸೋನಾಬಾಯಿಯ ತಲೆ ನೆಟ್ಟಗಿತ್ತು. "ಬೇಕಾದ್ರ ನೋಡ್ರಿ. ನಿಮಗ ಈಗ ಬರತೈತಲ್ಲ."

ಸಾವುಕಾರರು ನೋಡಿದರು. ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಎಂಟನೇ ಚೀಟಿ ಹಾಕಿ, ನವೆಂಬರಿನ ಆ ವಾರದ ವರೆಗೂ ಇಳಿದರು. ಒಂಬತ್ತು ದಿನವೂ ಎಂಟರ ಕಡೆ ಎರಡೆರಡೇ ಪೆಟ್ಟಿಗೆ. ಏಳರ ಕಡೆ ನಾಲ್ಕಕ್ಕೆ ನಾಲ್ಕು. ಫೋನನ್ನು ಅಂಗಿಯ ಜೇಬಿಗೆ ಹಾಕಿ, ಖಾಲಿ ಪೆಟ್ಟಿಗೆಯೊಂದರ ಮೇಲೆ ಕೂತರು. ಹಣೆ ಉಜ್ಜಿಕೊಂಡರು.

"ಪೊರಿ ತಗಸಿದ್ರ ಹೋಗತೈತಲ್ಲ ರೇಣುಕವ್ವಾ," ಎಂದರು. "ಯಾಕ ತಗಸಿಲ್ಲ?"

"ತಗಸಿದ ಮ್ಯಾಲೆ ಒಂದ ತಿಂಗಳು ಧೂಳಿನಾಗ ಕುಂಡ್ರಬಾರದಂತ್ರಿ. ಎರಡ ದಿನಕ್ಕ ಜಾಗಾ ಹೋಗತೈತಿ ಇಲ್ಲಿ."

ಸಾವುಕಾರರು ಬಹಳ ಹೊತ್ತು ನೆಲ ನೋಡಿದರು. ನಿನ್ನೆ ಎಲ್ಲರೂ ನೋಡಿದ್ದ ನೆಲವನ್ನು ಇಂದು ಅವರೊಬ್ಬರೇ ನೋಡುತ್ತಿದ್ದರು. ತಮ್ಮ ಶೆಡ್ಡಿನ ಕಟ್ಟಳೆ ಕೇಳಿ ಅವರಿಗೇ ಮುಜುಗರವಾಗಿತ್ತು, ಆದರೆ ಅದನ್ನು ಒಪ್ಪಿಕೊಳ್ಳುವ ಜಾತಿಯ ಮನುಷ್ಯ ಅಲ್ಲ. ಕೊನೆಗೆ ತಲೆ ಎತ್ತಿ, ವ್ಯಾಪಾರದ ದನಿಯಲ್ಲೇ ಕೇಳಿದರು.

"ಆ ಒಂದ ತಿಂಗಳು ಎಂಟನೇ ಚೀಟಿ ಯಾರ ಹಾಕತೀರಿ?"

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಅರ್ಥವಾದವಳು ಹಿಂದಿನ ಕಸದ ರಾಶಿಯಲ್ಲಿದ್ದ ರಾಜೇಶ್ವರಿ. "ನಾ ಹಾಕತೇನ್ರಿ," ಎಂದಳು. "ನಾನೂ," ಎಂದಳು ಹಾಜಿರಾಬಿ. ಚಂದ್ರಕಲಾ ಕೈ ಎತ್ತಿದಳು. ಆಮೇಲೆ ಯಾರು ಎತ್ತಿದರು, ಯಾರು ಎತ್ತಲಿಲ್ಲ ಎಂದು ತಿಳಿಯದಷ್ಟು ಗದ್ದಲ. ಸೋನಾಬಾಯಿ ಕೈ ಎತ್ತಲಿಲ್ಲ. ಆಕೆಯನ್ನು ಕೇಳುವುದೇ ಬೇಕಿರಲಿಲ್ಲ.

"ಮುಯ್ಯಿ ಇರೂದಾದ್ರ ಇರ್ಲಿ. ನನಗ ಹೇಳಿ ಮಾಡ್ರಿ," ಎಂದು ಸಾವುಕಾರರು ಏಳಲು ಹೋದರು.

"ಸಾವುಕಾರ್ರ," ಎಂದಳು ರೇಣುಕವ್ವ.

"ಇನ್ನೇನ ಬೇ?"

ಮುದುಕಿ ಮಂಜು ಕಣ್ಣುಗಳನ್ನು ಸಂಘಮಿತ್ರಾ ನಿಂತಿರಬಹುದಾದ ಕಡೆಗೆ ತಿರುಗಿಸಿ, ಸೆರಗು ಸರಿಮಾಡಿಕೊಂಡು, ತನ್ನ ಜಾಗದಲ್ಲಿ ನೆಟ್ಟಗೆ ಕೂತು, ಎರಡೂ ಕೈಗಳನ್ನು ಮಡಿಲಲ್ಲಿ ಜೋಡಿಸಿದಳು.

"ಆ ನಾಗಪುರದವ್ರು ಬರದದ್ದು ಐತಲ್ಲ, ಅದನ್ನ ಇನ್ನೊಮ್ಮಿ ಓದ ಅನ್ರಿ. ಆಗ ಸೋನಾಂದು ಅಂತ ತಿಳದು ಕೇಳಿದ್ದೆ."

ಸಂಘಮಿತ್ರಾ ಹಿಂದಿನ ಸಾಲಿಗೂ ಕೇಳುವ ಹಾಗೆ, ಮೊದಲಿನಿಂದ ಓದಿದಳು.